ಬಿಷಪ್ ಬಂದ ಭಾನುವಾರ

ನೈರೋಬಿಯ ಕಸರಾನಿ ಬಡಾವಣೆಯ ಹುಡುಗಿಯರಿಗೆ ಆಟದಲ್ಲಿ ಆಸಕ್ತಿಯಿಲ್ಲ ಎಂದು ನಮ್ಮ ಕ್ರೀಡಾ ಕಮಿಟಿಯ ಕಡತದಲ್ಲಿ ಬರೆದಿದೆ. ಅದು ಸುಳ್ಳು. ಆರು ವರ್ಷಗಳಿಂದ ಎಲ್ಲರೂ ನಂಬಿರುವ ಆ ಸುಳ್ಳಿಗೆ ಕಾರಣ ನಾನು — ಕಮಿಟಿಯ ಕಾರ್ಯದರ್ಶಿ, ಜೀವಶಾಸ್ತ್ರದ ಟೀಚರ್, ಭಾನುವಾರ ತಪ್ಪದೆ ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರುವವಳು.

ಆಟದ ಹೆಸರು ಗೇಲಿಕ್ ಫುಟ್‌ಬಾಲ್. ಐರ್ಲೆಂಡಿನವರದು, ಚೆಂಡನ್ನು ಒದೆಯಲೂಬಹುದು, ಕೈಯಲ್ಲಿ ಹಿಡಿಯಲೂಬಹುದು. ನೈರೋಬಿಗೆ ಕೆಲಸಕ್ಕೆ ಬಂದ ಐರಿಶ್ ಜನ ನಮ್ಮ ಮಕ್ಕಳಿಗೂ ಅದರ ಹುಚ್ಚು ಹಿಡಿಸಿದರು. ನಮ್ಮ ಮನೆ ಸೌತ್ ಬಿ ಬಡಾವಣೆಯಲ್ಲಿ, ಆದರೆ ನಾನು ಪಾಠ ಮಾಡುವುದು ಗಿಗಿರಿಯ ಶಾಲೆಯಲ್ಲಿ. ಹಾಗಾಗಿ ಮಗಳು ಲವೀನಾ ಗಿಗಿರಿ ತಂಡಕ್ಕೆ ಸೇರಿದಳು. ಅಲ್ಲಿ ಹುಲ್ಲು ಹಾಸಿದ ಮೈದಾನ, ಕಾರಿನಲ್ಲಿ ಬಂದಿಳಿಯುವ ಮಕ್ಕಳು. ಕಸರಾನಿಯಲ್ಲಿ ಅಕಿನ್ಯಿ ಎಂಬ ಪ್ರೈಮರಿ ಶಾಲೆಯ ಟೀಚರ್ ಬರೀ ಮಣ್ಣಿನ ಮೈದಾನದಲ್ಲಿ, ಬಿಡಿಗಾಸಿಲ್ಲದೆ, ಐವತ್ತು ಹುಡುಗಿಯರಿಗೆ ಕಲಿಸುತ್ತಿದ್ದಳು. ಆ ಹುಡುಗಿಯರು ನಮ್ಮವರನ್ನು ಸೋಲಿಸುತ್ತಿದ್ದರು — ಒಂದು ಸಲ ಅಲ್ಲ, ಪ್ರತಿ ಸಲ! ನನಗೆ ಹೊಟ್ಟೆ ಉರಿಯುತ್ತಿತ್ತು.

ಆರು ವರ್ಷದ ಹಿಂದೆ ಐರ್ಲೆಂಡಿನಿಂದ ನೆರವು ಬಂತು. ಸಂಬಳದ ಕೋಚ್ ಒಬ್ಬರು, ಒಂದೇ ಒಂದು ತಂಡಕ್ಕೆ. ಯಾರಿಗೆಂದು ತೀರ್ಮಾನಿಸಲು ಬಂದ ಐರಿಶ್ ಮಹಿಳೆ ಮೊದಲೇ ಹೇಳಿದ್ದರು — "ನಮ್ಮಲ್ಲಿ ಒಂದೇ ಕೌಂಟಿಗೆ, ಅಂದರೆ ಒಂದೇ ಜಿಲ್ಲೆಗೆ, ಜನ, ದುಡ್ಡು, ಕೋಚ್ ಎಲ್ಲ ಸಿಕ್ಕಿ, ವರ್ಷಗಟ್ಟಲೆ ಕಪ್ ಅಲ್ಲೇ ಉಳೀತು. ಉಳಿದವರು ಮೈದಾನಕ್ಕೆ ಇಳಿಯೋ ಮೊದಲೇ ಸೋತಿರ್ತಿದ್ರು. ಇಲ್ಲಿ ಹಾಗಾಗೋದು ಬೇಡ." ಆದ್ದರಿಂದ ಒಂದು ಭಾನುವಾರ ಬೆಳಿಗ್ಗೆ ಅವರು ಎಲ್ಲ ಮೈದಾನ ಸುತ್ತುವುದು, ಎಲ್ಲಿ ಹೆಚ್ಚು ಮಕ್ಕಳು ಬಂದಿದ್ದಾರೋ ಕೋಚ್ ಅಲ್ಲಿಗೆ ಎಂದಾಯಿತು.

ದಿನ ಗೊತ್ತುಮಾಡುವ ಸಭೆಯ ಹಿಂದಿನ ದಿನ ಅಕಿನ್ಯಿ ಫೋನ್ ಮಾಡಿದಳು.

"ಮಾಮಾ ಲವೀನಾ," — ಇಲ್ಲಿ ತಾಯಂದಿರನ್ನು ಮಕ್ಕಳ ಹೆಸರಿನಿಂದಲೇ ಕರೆಯುತ್ತಾರೆ — "ತಿಂಗಳ ಕೊನೆಯ ಭಾನುವಾರ ಮಾತ್ರ ಬೇಡ. ಅವತ್ತು ನಮ್ಮ ಚರ್ಚಿಗೆ ಬಿಷಪ್ ಬರ್ತಾರೆ, ನಮ್ಮ ಹುಡುಗಿಯರಿಗೆ ದೃಢೀಕರಣ. ನನಗೆ ಸಭೆಗೆ ಬರೋಕಾಗಲ್ಲ, ನೀವೇ ಹೇಳಿಬಿಡಿ."

ದೃಢೀಕರಣವೆಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜೀವನದಲ್ಲಿ ಒಮ್ಮೆ ಸಿಗುವ ಸಂಸ್ಕಾರ. ಕಾರ್ಕಳದಲ್ಲಿ ನನಗಾದಾಗ ಅಮ್ಮ ಬಿಳಿ ಫ್ರಾಕ್ ಹೊಲಿಸಿದ್ದಳು. ಮಧ್ಯಾಹ್ನದವರೆಗೆ ಚರ್ಚು ಬಿಟ್ಟು ಕದಲಿರಲಿಲ್ಲ.

ಸಭೆಯಲ್ಲಿ ಅಧ್ಯಕ್ಷರು ಕೇಳಿದರು, "ಕೊನೆಯ ಭಾನುವಾರ ಯಾರಿಗಾದರೂ ತೊಂದರೆ ಇದೆಯಾ?"

"ಇಲ್ಲ," ಎಂದೆ ನಾನು. "ಎಲ್ಲರಿಗೂ ಆಗ್ತದೆ."

ಅಷ್ಟೇ. ಮರೆತೆ ಎಂದುಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ — ಮರೆತಿರಲಿಲ್ಲ. ಸಂಜೆ ಅಕಿನ್ಯಿಗೆ, "ಹೇಳಿದೆ ಮಾರಾಯ್ತಿ, ಅವರು ಕೇಳಲಿಲ್ಲ" ಎಂದೆ. ಇದು ಮೊದಲನೆಯದಕ್ಕಿಂತ ಕೊಳಕು. ಪಾಪ, ಅವಳು ನನಗೆ ಅಸಾಂಟೆ ಹೇಳಿದಳು. ತನ್ನ ಪರವಾಗಿ ಮಾತಾಡಿದ್ದಕ್ಕೆ ಕೃತಜ್ಞತೆ!

ಆ ಭಾನುವಾರ ಗಿಗಿರಿಯಲ್ಲಿ ಮೂವತ್ತೆರಡು ಮಕ್ಕಳಿದ್ದರು. ಕಸರಾನಿಯಲ್ಲಿ ಏಳು — ಬೇರೆ ಚರ್ಚಿನವರು. ಕೋಚ್ ನಮಗೆ ಬಂದರು, ಕಸರಾನಿಗೆ ಆಸಕ್ತಿಯಿಲ್ಲ ಎಂದು ಕಡತಕ್ಕೆ ಬಿತ್ತು. ಕೋಚ್ ಬಂದ ಮೇಲೆ ಗೆಲುವು, ಗೆಲುವಿನ ಹಿಂದೆ ಪ್ರಾಯೋಜಕರು, ಅವರ ಹಿಂದೆ ಬೇರೆ ಕಡೆಯ ಒಳ್ಳೆಯ ಆಟಗಾರರು... ಅಂದಿನಿಂದ ಗಿಗಿರಿ ಒಂದು ವರ್ಷವೂ ಸೋತಿಲ್ಲ. ಮೂರನೆಯ ವರ್ಷ ಕಸರಾನಿ ತಂಡವೇ ಇಲ್ಲವಾಯಿತು. ಕಪ್ ಕೊಡುವಾಗ ಪ್ರತಿ ಸಲ ಯಾರಾದರೂ "ಪರಿಶ್ರಮದ ಫಲ" ಎನ್ನುತ್ತಾರೆ. ನಾನೂ ಚಪ್ಪಾಳೆ ತಟ್ಟುತ್ತೇನೆ.

ಈಗ ಮತ್ತೆ ನೆರವು ಬರಲಿದೆ. ಕಳೆದ ತಿಂಗಳು ಅಕಿನ್ಯಿಯ ಸಂದೇಶ ಬಂತು: "ಮಕ್ಕಳನ್ನು ಮತ್ತೆ ಸೇರಿಸಿದ್ದೇನೆ. ನಮಗೆ ಆಸಕ್ತಿಯಿಲ್ಲ ಅಂತ ಕಡತ ತೋರಿಸ್ತಾರೆ. ಅವತ್ತು ನೀವೊಬ್ಬರೇ ನಮ್ಮ ಪರ ಮಾತಾಡಿದ್ದು. ಇನ್ನೊಮ್ಮೆ ಮಾತಾಡ್ತೀರಾ?" ಸ್ಟಾಫ್ ರೂಮಿನಲ್ಲಿ ಅದನ್ನು ಓದಿ, ಚಹಾ ಅಲ್ಲೇ ಬಿಟ್ಟು ಎದ್ದೆ.

ಮನೆಗೆ ಬಂದು ಎಲ್ಲ ಹೇಳಿದೆ. ಗಂಡ ರೋನಿ ಟೀವಿ ಆರಿಸಿ, "ಫಾದರ್ ಹತ್ರ ಹೇಳಿದ್ದೀಯಾ?" ಎಂದರು.

"ಆ ಸಭೆಯಾದ ವಾರವೇ ಪಾಪನಿವೇದನೆ ಮಾಡಿದ್ದೆ."

"ಎಂತ ಮಾರಾಯ್ತಿ! ಹಾಗಾದರೆ ದೇವರಿಗೂ ಹೇಳಿ ಆಗಿದೆ, ಅಕಿನ್ಯಿಗೆ ಮಾತ್ರ ಇಲ್ಲ."

ಲವೀನಾ ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸುವವಳು. "ಸೋ ವಿ ನೆವರ್ ರಿಯಲಿ ಬೀಟ್ ದೆಮ್," ಎಂದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಮೊನ್ನೆ ಶನಿವಾರ ಮಟಾಟು ವ್ಯಾನ್ ಹತ್ತಿ ಕಸರಾನಿಗೆ ಹೋದೆ. ಅಕಿನ್ಯಿ ಮೈದಾನದ ಅಂಚಿನಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದಳು. ನಿಂತಲ್ಲೇ ಹೇಳಿದೆ, ಏನನ್ನೂ ಮುಚ್ಚಿಡದೆ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಡಬ್ಬಿ ಕೆಳಗಿಟ್ಟಳು, ಕೈ ಒರೆಸಿಕೊಂಡಳು.

"ನಾನು ಹುಡುಗಿಯರಿಗೆ ಬೈದಿದ್ದೆ," ಎಂದಳು. "ಬಿಷಪ್ ಜೊತೆ ಫೋಟೋ ತೆಗೆಸ್ತಾ ನಿಂತಿರಿ, ಅರ್ಧ ಗಂಟೆ ಮೊದಲು ಓಡಿ ಬಂದಿದ್ದರೆ ಕೋಚ್ ಸಿಗ್ತಿದ್ರು, ನಿಮ್ಮಿಂದಲೇ ಹೋಯ್ತು ಅಂತ. ಎಷ್ಟೋ ಜನ ಅಳ್ತಾ ಹೋದವರು ಮತ್ತೆ ಬರಲೇ ಇಲ್ಲ." ಆಮೇಲೆ ನನ್ನನ್ನು ನೇರವಾಗಿ ನೋಡಿದಳು. "ಅವರಿಗೆ ಈಗ ಯಾರು ಹೇಳೋದು?"

"ನಾನು."

ಅವಳು ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಅವತ್ತು ಚರ್ಚಿನಲ್ಲಿದ್ದ ನಲವತ್ತಮೂರು ಹುಡುಗಿಯರ ಹೆಸರು ನೆನಪಿನಿಂದಲೇ ಬರೆದು ಕೊಟ್ಟಳು, ಒಂದೂ ಬಿಡದೆ.

ಬುಧವಾರ ಕಮಿಟಿಯಲ್ಲಿ ಈ ಬರೆದದ್ದನ್ನೇ ಓದುತ್ತೇನೆ. ಆದರೆ ಅದಕ್ಕಿಂತ ಮೊದಲು, ನಾಳೆ, ಪಟ್ಟಿಯ ಮೊದಲ ಹುಡುಗಿಯ ಮನೆಗೆ ಹೋಗುತ್ತಿದ್ದೇನೆ. ಅವಳಿಗೀಗ ಹತ್ತೊಂಬತ್ತು. ತಂಡ ಮುಳುಗಿದ್ದು ತನ್ನಿಂದಲೇ ಎಂದುಕೊಂಡು ಬೆಳೆದಿದ್ದಾಳೆ.