ಹೊಗೆಯೊಳಗೆ ಮೂಡಲು ಯಾವುದು?

೧೯೭೩ರ ಶ್ರಾವಣ. ಪಿರಿಯಾಪಟ್ಟಣದ ಪಕ್ಕದ ನಮ್ಮೂರಿನಲ್ಲಿ, ಹೊಗೆಸೊಪ್ಪು ಬೆಳೆಯುವ ಮನೆಯ ಸೊಸೆಯಾಗಿ ನನಗೆ ಐದನೆಯ ವರ್ಷ. ಆ ಮಧ್ಯಾಹ್ನ ಹಿತ್ತಿಲಲ್ಲಿ ಹುಣಸೆಹಣ್ಣು, ಬೂದಿ ಹಾಕಿ ಹಿತ್ತಾಳೆ ತಟ್ಟೆ ತಿಕ್ಕುತ್ತಿದ್ದೆ. ಆಳು ಸಿದ್ದ ಓಡಿ ಬಂದ.

"ಅಕ್ಕೋ, ಬ್ಯಾರನ್ನಲ್ಲಿ ಒಗೆ ಎದ್ದದೆ! ಗೌಡ್ರು ಒಳೀಕೆ ಓದ್ರು!"

ಗೌಡ್ರು ಎಂದರೆ ನನ್ನ ಯಜಮಾನರು. ಕೈಯಲ್ಲಿದ್ದ ತಟ್ಟೆಯ ಸಮೇತ ಓಡಿದೆ.

ಬ್ಯಾರನ್ ಎಂದರೆ ಹಸಿ ಹೊಗೆಸೊಪ್ಪನ್ನು ಕಾವಿನಲ್ಲಿ ಒಣಗಿಸುವ ಎತ್ತರದ ಕೋಣೆ. ಸೊಪ್ಪನ್ನು ಕಡ್ಡಿಗಳಿಗೆ ಪೋಣಿಸಿ ಒಂದರ ಮೇಲೊಂದು ಸಾಲಾಗಿ ನೇತು ಹಾಕುತ್ತೇವೆ. ಹೊರಗಿನ ಒಲೆಯ ಬಿಸಿ ನೆಲದ ಮೇಲಿನ ತಗಡಿನ ಕೊಳವೆಗಳಲ್ಲಿ ಸುತ್ತುತ್ತದೆ. ಒಂದು ಕಡ್ಡಿ ಜಾರಿ ಕೊಳವೆಯ ಮೇಲೆ ಬಿದ್ದರೂ ಸಾಕು, ಇಡೀ ಬ್ಯಾರನ್ ಹೊತ್ತಿಕೊಳ್ಳುತ್ತದೆ. ಅಂದು ಜಾರಿತ್ತು. ಇವರು ಒದ್ದೆ ಗೋಣಿ ಹಿಡಿದು ಹೋಗಿ ಕಿಡಿಯನ್ನೇನೋ ಆರಿಸಿದರು. ಆದರೆ ಆ ಘಾಟಿಗೆ ಕಣ್ಣು ತೆರೆಯಲಾಗದೆ, ಬಾಗಿಲು ಎತ್ತ ಎಂಬುದೇ ತಪ್ಪಿಹೋಯಿತು. ಸುತ್ತಲೂ ಕಾದ ಕೊಳವೆ.

ಬಾಗಿಲಿದ್ದದ್ದು ಮೂಡಲಿಗೆ. ಎದುರಿನ ಪಡುವಲ ಗೋಡೆಯ ಬುಡದಲ್ಲಿ ಗಾಳಿಕಿಂಡಿ. ಸಿದ್ದ ಅಲ್ಲಿ ಬೋರಲು ಮಲಗಿದ. ಹೊಗೆ ಮೇಲೇರಿದ್ದರಿಂದ ಅವನಿಗೆ ಇವರ ಕಾಲುಗಳು ಕಾಣುತ್ತಿದ್ದವು.

"ಬಲಕ್ ಬನ್ನಿ ಗೌಡ್ರೇ, ಬಲಕ್ಕೆ!"

ಇವರು ಅವನ ದನಿಯತ್ತ ಮುಖ ಮಾಡಿದ್ದವರು ತಮ್ಮ ಬಲಕ್ಕೆ ಸರಿದರು. ಒಳಗಿಂದ ಚೀರಿದ್ದು ಕೇಳಿತು. ಕಾಲು ಕೊಳವೆಗೆ ತಗುಲಿತ್ತು.

ಬಾಗಿಲ ಬಳಿಯಿದ್ದ ಅತ್ತೆ ಗದರಿದರು: "ಯಾರ ಬಲ ಕಣ್ಲಾ ಮೂದೇವಿ? ನಿಂದೋ ಅವಂದೋ? ದಿಕ್ಕೇಳು!"

"ತೆಂಕ್ಲಾಗಿ ಬನ್ನಿ ಗೌಡ್ರೇ!"

"ತೆಂಕ್ಲು ಯಾವ್ದು ಅಂತ್ಲೇ ಗೊತ್ತಾಯ್ತಿಲ್ಲ ಕಣ್ಲಾ..."

ಕೆಮ್ಮು. ಆಮೇಲೆ ಕೆಮ್ಮೂ ಸಣ್ಣದಾಯಿತು.

ನಾನು ಒಳಗೆ ನುಗ್ಗಹೋದೆ. ಅತ್ತೆ ಸೆರಗು ಬಿಡಲಿಲ್ಲ. "ತಾಯಿ ಚಾಮುಂಡಿ" ಎಂದೆ, ಹರಕೆಯ ಮಾತು ನಾಲಿಗೆಗೆ ಬರಲಿಲ್ಲ. ತಟ್ಟೆಯನ್ನು ಹೊಸ್ತಿಲ ಕಲ್ಲಿಗೆ ಬಡಿದೆ. ಮತ್ತೆ ಮತ್ತೆ ಬಡಿದೆ.

"ಸದ್ದು ಕೇಳ್ತಾ? ಸದ್ದೇ ಮೂಡ್ಲು ಕಣ್ರೀ! ಸದ್ದಿಗೆ ಮಕ ಮಾಡಿ ನಿಂತ್ಕಳಿ!"

"ತಿರುಗುದ್ರು ಅಕ್ಕೋ!" ಎಂದು ಆ ಕಡೆಯಿಂದ ಸಿದ್ದ ಕೂಗಿದ. "ಗೌಡ್ರೇ, ನೆಟ್ಟಗೆ ಓಗ್ಬ್ಯಾಡಿ, ಕೊಳವೆ ಅದೆ. ಮಕ ಅಂಗೇ ಇರ್ಲಿ, ಬಲಗಡೀಕೆ ಸರೀರಿ... ಇನ್ನೊಂಚೂರು... ಸಾಕು. ಈಗ ಸದ್ದಿನ ಕಡೀಕೆ ನಡೀರಿ!"

ಹೊಗೆಯಿಂದ ಮೊದಲು ಗೋಣಿ ಬಂತು, ಅದರ ಹಿಂದೆ ಕೈ. ಅತ್ತೆ ಹಿಡಿದು ಎಳೆದುಕೊಂಡರು.

ಬಲಗಾಲು ಸುಟ್ಟಿತ್ತು. ಕಣ್ಣು ಉಳಿದವು, ಉಸಿರು ಉಳಿಯಿತು. ನೀರು ಕುಡಿದು ಇವರು ಆಡಿದ ಮೊದಲ ಮಾತು: "ಸೊಲ್ಪ ಮೆತ್ತಗೆ ಬಡೀಬಾರ್ದಾಗಿತ್ತಾ? ಕೊಪ್ಪದ ಸಂತೇಗೂ ಕೇಳಿರ್ತದೆ."

"ಬಾಯ್ಮುಚ್ಕಂಡ್ ಕುಡಿ" ಎಂದ ಅತ್ತೆ ಆಚೆ ತಿರುಗಿ ಕಣ್ಣೊರೆಸಿಕೊಂಡರು.

ಎಷ್ಟೋ ವರ್ಷದ ಮೇಲೆ ಹೈಸ್ಕೂಲಿನ ಮಗಳು ಗ್ರಾಫ್ ಹಾಳೆಯಲ್ಲಿ ಒಂದಕ್ಕೊಂದು ಲಂಬವಾಗಿ ಎರಡು ಗೆರೆ ಎಳೆದಳು. ಎಕ್ಸ್ ಅಕ್ಷ, ವೈ ಅಕ್ಷ, ಅವು ಕೂಡುವ ಕಡೆ ಮೂಲಬಿಂದು. ಅಲ್ಲಿಂದ ಅಡ್ಡಕ್ಕಿಷ್ಟು, ಉದ್ದಕ್ಕಿಷ್ಟು ಎಂದರೆ ಯಾವ ಚುಕ್ಕಿಯೂ ಸಿಗುತ್ತದಂತೆ. "ಮೂಲಬಿಂದು ಎಲ್ಲಿ, ಯಾವ ಕಡೆ ಯಾವುದು ಅಂತ ಹೇಳೋರು ಕೇಳೋರು ಇಬ್ಬರೂ ಮೊದಲೇ ಒಪ್ಪಿರಬೇಕು ತಾನೆ?" ಎಂದೆ. "ಹೂಂ ಅಮ್ಮ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತೆ" ಎಂದಳು. ಲೆಕ್ಕವಷ್ಟೇ ಅಲ್ಲ ಎಂದು ನನಗೆ ಗೊತ್ತಿತ್ತು. ಬ್ಯಾರನ್ನಿನ ಆ ದಿನದಿಂದ ಯಾರಿಗೆ ದಾರಿ ಹೇಳುವುದಿದ್ದರೂ, ಅವರು ಎತ್ತ ಮುಖ ಮಾಡಿ ನಿಂತಿದ್ದಾರೆ ಎಂದು ನೋಡಿಯೇ ಹೇಳುತ್ತೇನೆ.

ಅಂದು ಬ್ಯಾರನ್ನಿಗೆ ಓಡುವಾಗ ತಟ್ಟೆಯನ್ನು ಕೆಳಗಿಡಲು ನನಗೆ ತೋಚಲಿಲ್ಲ; ಅದೂ ತಾಯಿ ಚಾಮುಂಡಿಯ ದಯೆಯೇ. ಅವತ್ತು ಇವರ ಕಾಲಿಗೆ ಲೋಳೆಸರ ಹಚ್ಚಿ ಹಿತ್ತಿಲಿಗೆ ಬಂದೆ. ತಟ್ಟೆಯ ಅಂಚು ನೆಗ್ಗಿತ್ತು, ಹುಣಸೆಹಣ್ಣು ಒಣಗಿ ಅಂಟಿಕೊಂಡಿತ್ತು. ರಾತ್ರಿ ಊಟಕ್ಕೆ ಇವರಿಗೆ ಅದೇ ತಟ್ಟೆ ಬೇಕು. ನೀರು ಚಿಮುಕಿಸಿ ಮತ್ತೆ ತಿಕ್ಕಲು ಕೂತೆ.