ಅಂಟು ಬಿಡುವ ಮುನ್ನ ಹೇಳಬೇಕಾಗಿದ್ದ ಮಾತು

ಅಂಟಿಸಿದ ಎರಡು ಪದರಗಳು ಎಷ್ಟು ಭಾರಕ್ಕೆ, ಯಾವ ಅಂಚಿನಿಂದ ಬಿಚ್ಚಿಕೊಳ್ಳುತ್ತವೆ ಎಂಬುದನ್ನು ಗಣಕಯಂತ್ರದಲ್ಲಿ ಮುಂಚಿತವಾಗಿ ಕಂಡುಕೊಳ್ಳುವ ವಿದ್ಯೆಯಲ್ಲಿ ನಮ್ಮ ಭಾಗದ ಹಿರಿಯರೆಂದರೆ ಪ್ರೊ. ಧನ್ಯಕುಮಾರ ಮಗದುಮ್ಮ ಅವರು. ಕೊಣ್ಣೂರಿನ ಒಕ್ಕಲು ಮನೆತನದಲ್ಲಿ ಹುಟ್ಟಿ, ಗೋಕಾಕದಲ್ಲಿ ಮೂವತ್ತೊಂದು ವರ್ಷ ಇಂಜಿನಿಯರಿಂಗ್ ಪಾಠ ಹೇಳಿ ಈಗ ನಿವೃತ್ತರಾಗುತ್ತಿರುವ ಅವರು, ಈ ಅಭಿನಂದನ ಗ್ರಂಥಕ್ಕೆ ಒಪ್ಪಿಗೆ ಕೊಡುವಾಗ ಹಾಕಿದ ಷರತ್ತು ಒಂದೇ: ಶಿವಗಂಗವ್ವನವರ ಸಂಗತಿಯನ್ನು ಬಿಡಬಾರದು.

೧೯೯೭ರಲ್ಲಿ ಹುಕ್ಕೇರಿಯ ಕುಶಲಕರ್ಮಿ ಭೀಮೇಶ ಅವರು ತಾವು ತಯಾರಿಸುತ್ತಿದ್ದ ಕೃತಕ ಪಾದವೊಂದನ್ನು ಪರೀಕ್ಷೆಗೆಂದು ತಂದುಕೊಟ್ಟರು. ಕಟ್ಟಿಗೆಯ ತಿರುಳಿಗೆ ರಬ್ಬರ್ ಅಂಟಿಸಿದ ಪಾದ ಅದು. ಅಂಟಿನ ಸಾಲನ್ನು ಸಾವಿರಾರು ಕಿರು ಸ್ಪ್ರಿಂಗುಗಳೆಂದು ಭಾವಿಸಿ, ಹೆಜ್ಜೆಯ ಭಾರಕ್ಕೆ ಯಾವುದು ಮೊದಲು ತುಂಡಾಗುತ್ತದೆ ಎಂದು ಧನ್ಯಕುಮಾರರೂ ಅವರ ವಿದ್ಯಾರ್ಥಿನಿ ವಿಜಯಶ್ರೀಯೂ ಲೆಕ್ಕ ಹಾಕಿದರು. ನೀರು ಕುಡಿದ ಅಂಟು ಹೆಬ್ಬೆರಳಿನ ಅಂಚಿನಲ್ಲಿ ಬಿರಿದು, ಒಮ್ಮೆಗೇ ಹಿಮ್ಮಡಿಯವರೆಗೆ ಬಿಚ್ಚಿಕೊಳ್ಳುತ್ತದೆ ಎಂದು ಯಂತ್ರ ತೋರಿಸಿತು.

“ಸರ, ಭೀಮೇಶಣ್ಣಗ ಇವತ್ತ ಒಂದು ಪತ್ರ ಹಾಕೂಣೇನ್ರಿ?” ಎಂದಳು ವಿಜಯಶ್ರೀ.

“ಅಂಟಿನ ಸಾಲ ಇನ್ನೂ ಸಣ್ಣ ಸಣ್ಣ ಭಾಗಾ ಮಾಡಿ ಮತ್ತೊಮ್ಮೆ ನೋಡೂಣು. ನಮ್ಮ ಲೆಕ್ಕ ತಪ್ಪಿದ್ರ ಪಾಪ, ಅವನ ಕೆಲಸಾ ಕೆಡಿಸಿಧಂಗ ಆಕ್ಕೈತಿ.”

ಕಾಲೇಜಿನ ಒಂದೇ ಒಂದು ಗಣಕಯಂತ್ರಕ್ಕೆ ಆ ಮರುಲೆಕ್ಕ ಮುಗಿಸಲು ಐದು ವಾರ ಹಿಡಿಯಿತು. ಉತ್ತರ ಬದಲಾಗಲಿಲ್ಲ. ಆದರೆ ನಾಲ್ಕನೆಯ ವಾರದಲ್ಲೇ, ಮೂಡಲಗಿಯಲ್ಲಿ ರೊಟ್ಟಿ ಬಡಿದು ಮಾರಿ ಬದುಕುತ್ತಿದ್ದ ಶಿವಗಂಗವ್ವನವರು ಬುಟ್ಟಿ ಹೊತ್ತು ಹಸಿ ಬದುವಿನ ಮೇಲೆ ಬರುತ್ತಿದ್ದಾಗ, ಭೀಮೇಶರು ಮಾಡಿಕೊಟ್ಟಿದ್ದ ಅಂಥದೇ ಪಾದ ಎರಡಾಗಿ ಬಿಚ್ಚಿತು. ಬಿದ್ದ ರಭಸಕ್ಕೆ ಬಲಗೈ ಮಣಿಕಟ್ಟು ಮುರಿಯಿತು. ಆ ಕೈ ಮತ್ತೆ ರೊಟ್ಟಿ ಬಡಿಯಲಿಲ್ಲ.

ಸುದ್ದಿ ತಿಳಿದ ದಿನವೇ ಧನ್ಯಕುಮಾರರು ಮೂಡಲಗಿಯ ಬಸ್ಸು ಹಿಡಿದರು. ಆಕೆಯ ಮನೆಯ ಬಾಗಿಲಲ್ಲೇ ನಿಂತು, “ಅವ್ವಾ, ಇದು ಬಿಚ್ಚತೈತಿ ಅಂತ ನನಗ ಮೊದಲ ಗೊತ್ತಾಗಿತ್ರಿ. ಖಾತ್ರಿ ಆಗಲಿ ಅಂತ ಸುಮ್ಮನ ಇದ್ನಿ,” ಎಂದರು.

“ಒಂದು ಮಾತ ಹೇಳಿ ಕಳಸಬಾರದಿತ್ತೇನ್ರಿ, ಸರ? ಸುಳ್ಳಾಗಿದ್ರ ನಾಕ ದಿನಾ ಕೋಲ ಹಿಡಕೊಂಡು ಅಡ್ಡಾಡತಿದ್ನಿ. ಕೈಯರ ಉಳೀತಿತ್ತು.”

ಈ ಲೆಕ್ಕದ ಮೇಲೆ ಬರೆದ ಪ್ರಬಂಧಕ್ಕೆ ಮುಂದೆ ಬಂದ ಪ್ರಶಸ್ತಿಯನ್ನು ಸ್ವೀಕರಿಸಲು ಧನ್ಯಕುಮಾರರು ಹೋಗಲಿಲ್ಲ. ಭೀಮೇಶರೊಡನೆ ಕುಳಿತು ರಬ್ಬರನ್ನು ಅಂಚಿನ ಮೇಲೆ ಮಡಚಿ ಅಂಟಿಸುವ ಹೊಸ ವಿನ್ಯಾಸ ರೂಪಿಸಿದರು. ಅದನ್ನು ಮೊದಲು ತೊಟ್ಟ ಶಿವಗಂಗವ್ವನವರು ಅಂಗಳದಲ್ಲಿ ನಾಲ್ಕು ಸುತ್ತು ನಡೆದು, “ಕಾಲು ಚಲೋ ಆಗೇತ್ರಿ,” ಎಂದು, ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಹಳೆಯ ಪಾದ ತೊಟ್ಟವರು ಅರವತ್ತೆರಡು ಮಂದಿ. ಅಂದಿನಿಂದ ಈ ಹತ್ತು ವರ್ಷ ರಜೆಯ ದಿನಗಳಲ್ಲಿ ಊರೂರು ತಿರುಗಿ ಧನ್ಯಕುಮಾರರು ಐವತ್ತೊಂಬತ್ತು ಜನರನ್ನು ಹುಡುಕಿ ಪಾದ ಬದಲಿಸಿಕೊಟ್ಟಿದ್ದಾರೆ. ಇನ್ನು ಸಿಗಲಿರುವ ಬಿಡುವೆಲ್ಲ ಉಳಿದ ಮೂವರಿಗೆ ಎನ್ನುತ್ತಾರೆ. ಧನ್ಯಕುಮಾರರ ಕಾಲು ಗಟ್ಟಿಯಿರಲಿ, ಆಯುಷ್ಯ ನೂರಾಗಲಿ. ಆ ಮೂವರೂ ನಡೆಯುತ್ತಿರುವಾಗಲೇ ಅವರಿಗೆ ಎದುರಾಗಲಿ.