ಅತ್ತೆಮನೆಯಲ್ಲಿ ಅರುವತ್ತು ಗ್ರಾಮ್ ಪ್ರೊಟೀನ್

ಕಳೆದ ತಿಂಗಳು ನಾನು ಬೆಳ್ತಂಗಡಿಯ ಅತ್ತೆಮನೆಗೆ ಹೋದ ದಿನ ಅಲ್ಲಿ ಕೋಳಿ ಬದುಕಿ ಉಳಿಯಿತು. ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಇದೇ ಮೊದಲು!

ನಮ್ಮ ಕಡೆ ಅಳಿಯ ಬಂದರೆ ಕೋಳಿಸಾರಿನ ಜೊತೆ ಗರಿಗರಿ ರೊಟ್ಟಿ, ಅಂದರೆ ಕೋರಿರೊಟ್ಟಿ, ಆಗಲೇಬೇಕು. ಆದರೆ ತೂಕ ಇಳಿಸಲು ನಾನು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಆಗಿನ್ನೂ ಮೂರನೇ ವಾರ. ಹೊಟ್ಟೆ ಈಗ ಒಂದು ಬಾಳೆಕಾಯಿಯಷ್ಟು. ಅಗಿಯುವಂತಿಲ್ಲ, ಕುಡಿಯುವುದು ಮಾತ್ರ. ಅದೂ ಗುಟುಕು ಗುಟುಕಾಗಿ. ಡಯಟೀಷಿಯನ್ ಮೊದಲೇ ಗದರಿಸಿದ್ದರು: "ದಿನಕ್ಕೆ ಅರುವತ್ತು ಗ್ರಾಮ್ ಪ್ರೊಟೀನ್ ಹೋಗ್ಲೇಬೇಕು ಸರ್. ಇಲ್ಲದಿದ್ರೆ ಕೊಬ್ಬಿನ ಜೊತೆ ಸ್ನಾಯುವೂ ಕರಗ್ತದೆ."

ಅದಕ್ಕೇ ಪ್ರೊಟೀನ್ ಹುಡಿಯ ಡಬ್ಬಿ ಬ್ಯಾಗಿನಲ್ಲಿತ್ತು. ಬ್ಯಾಗಿನಲ್ಲೇ ಉಳಿಯಿತು.

ಯಾಕೆಂದರೆ ಕಾಲು ತೊಳೆಯುವ ಮೊದಲೇ ಬೆಲ್ಲ-ನೀರು ಬಂತು. (ಬೆಲ್ಲವನ್ನು ಹೇಗೋ ತಪ್ಪಿಸಿಕೊಂಡೆ.) ಆಮೇಲೆ ಬೊಂಡ, ಅಂದರೆ ಎಳನೀರು. ಅದು ಇಳಿಯುವಷ್ಟರಲ್ಲಿ ಪುನರ್ಪುಳಿ ಶರಬತ್ತು. ಮತ್ತೆ ಗಂಜಿತಿಳಿ. "ಕುಡಿಯುವುದಕ್ಕೆ ಅಡ್ಡಿ ಇಲ್ಲ ಅಲ್ವಾ? ಸ್ವಲ್ಪ ಕುಡಿಯಿರಿ," ಎಂದು ಅತ್ತೆ ಲೋಟ ಹಿಡಿದು ನಿಂತರೆ ಬೇಡ ಎನ್ನುವ ಧೈರ್ಯ ಯಾವ ಅಳಿಯನಿಗುಂಟು?

ಮಧ್ಯಾಹ್ನ ಕುರ್ಚಿಯಿಂದ ಎದ್ದೆ. ಜಗಲಿ ಗಿರ್ರನೆ ತಿರುಗಿತು. ಬಾಗಿಲು ಹಿಡಿದುಕೊಂಡೆ.

ಹೆಂಡತಿ ಸುಜಾತಾ ಓಡಿ ಬಂದಳು. "ಪ್ರೊಟೀನ್ ಎಷ್ಟು ಹೋಯ್ತು?"

"ಸೊನ್ನೆ. ಹೊಟ್ಟೆಯಲ್ಲಿ ಜಾಗವೇ ಇಲ್ಲ ಮಾರಾಯ್ತಿ."

ಅತ್ತೆ ಅಲ್ಲೇ ಇದ್ದರು. "ಅಂದ್ರೆ ಬೆಳಿಗ್ಗೆಯಿಂದ ನಾನು ಕೊಟ್ಟದ್ದು ಒಂದೂ ಪ್ರಯೋಜನಕ್ಕೆ ಇಲ್ವಾ?" ಅವರ ಮುಖ ಸಪ್ಪಗಾಯಿತು. ತಲೆಸುತ್ತಿಗಿಂತ ನನಗೆ ಅದೇ ಹೆಚ್ಚು ನೋವು ಕೊಟ್ಟಿತು. ಬಡಿಸುವುದು ಬಿಟ್ಟು ಬೇರೆ ರೀತಿಯಲ್ಲಿ ಪ್ರೀತಿ ತೋರಿಸಲು ಈ ಹೆಂಗಸಿಗೆ ಯಾರಾದರೂ ಕಲಿಸಿದ್ದಾರೆಯೇ?

ಅತ್ತೆ ನನ್ನ ಬ್ಯಾಗಿನಿಂದ ಡಬ್ಬಿಯನ್ನು ತೆಗೆದು ಅಡುಗೆಮನೆಗೆ ಒಯ್ದರು.

ಮೊದಲ ಪ್ರಯೋಗ ಕುದಿಯುವ ಹುರುಳಿ ಸಾರಿನ ಮೇಲೆ. ಹುಡಿ ಹಾಕಿದ್ದೇ ತಡ, ಗಂಟು ಗಂಟಾಗಿ ಮೇಲೆ ತೇಲಿತು. "ಇದೆಂಥದು, ಹಾಲು ಒಡೆದ ಹಾಗೆ!" ಎಂದರು. (ಕಂಬಳದ ಕೋಣಗಳನ್ನು ಸಾಕಿದ ಹುರುಳಿ ಅಳಿಯನಿಗೆ ಕೈಕೊಟ್ಟಿತು.) ಆಮೇಲೆ ಮಗಳ ಫೋನಿನಿಂದ ತಾವೇ ಡಯಟೀಷಿಯನ್‌ಗೆ ಕರೆ ಮಾಡಿದರು. "ಮಜ್ಜಿಗೆಗೆ ಹಾಕಬಹುದಾ? ಶುಂಠಿ ಜಜ್ಜಿದ್ರೆ ತೊಂದರೆ ಉಂಟಾ?"

ತೊಂದರೆ ಇರಲಿಲ್ಲ. ಕೆನೆ ತೆಗೆದ ಮೊಸರು ಕಡೆದು, ಹುಡಿ ಬೆರೆಸಿ, ಶುಂಠಿ, ಚಿಟಿಕೆ ಉಪ್ಪು ಹಾಕಿ ಸೋಸಿದರು. ಮೊಮ್ಮಗಳಿಗೆ ಔಷಧಿ ಕುಡಿಸುತ್ತಿದ್ದ ಪುಟ್ಟ ಲೋಟ ಹುಡುಕಿ ತಂದರು. ಮೂರು ವಾರ ಚಾಕಲೇಟ್ ವಾಸನೆಯ ಹುಡಿನೀರು ಕುಡಿದು ಸೋತಿದ್ದ ನನ್ನ ನಾಲಿಗೆಗೆ ಜೀವ ಬಂತು.

ಹತ್ತು ಹತ್ತು ನಿಮಿಷಕ್ಕೆ ಗಡಿಯಾರ ನೋಡಿ ಎದುರು ಬಂದು ನಿಲ್ಲುತ್ತಿದ್ದರು. "ಇನ್ನೊಂದು ಗುಟುಕು." ಅದೇ ಸ್ವರ. ಹತ್ತೊಂಬತ್ತು ವರ್ಷ "ಇನ್ನೊಂದು ರೊಟ್ಟಿ" ಎಂದ ಸ್ವರ! (ನನ್ನ ತೂಕದಲ್ಲಿ ಅದರ ಪಾಲೂ ಉಂಟು, ಬರೆದದ್ದು ಅವರಿಗೆ ಹೇಳಬೇಡಿ.) ಸಂಜೆ ಪಕ್ಕದ ಮನೆಯಾಕೆ ನನಗೆಂದು ಪಾನಕ ತಂದರು. ಅತ್ತೆ ಜಗಲಿಯಲ್ಲೇ ತಡೆದರು: "ಅವರಿಗೆ ಬರೀ ನೀರು ಕೊಡುವ ಹಾಗಿಲ್ಲ. ಒಳಗೆ ಜಾಗ ಇಲ್ಲ."

ಆ ದಿನ ಅರುವತ್ತು ಮುಟ್ಟಲಿಲ್ಲ. ಮರುದಿನ ಮುಟ್ಟಿತು. ಅತ್ತೆ ಮಗಳನ್ನು ಕರೆದು ಖಾಲಿ ಲೋಟ ತೋರಿಸಿದರು.

ಬಂಟ್ವಾಳದ ನಮ್ಮ ಮನೆಗೆ ಮರಳಿದ ಮೇಲೆ ದಿನಾ ಅತ್ತೆಯ ಫೋನ್. ತುಳುವರ ಮನೆಗಳಲ್ಲಿ ಫೋನ್ ಎತ್ತಿದ ಕೂಡಲೇ ಕೇಳುವುದು "ವನಸ್ ಆಂಡಾ?", ಅಂದರೆ ಊಟ ಆಯಿತಾ. ಅತ್ತೆಯೂ ಇಷ್ಟು ವರ್ಷ ಅದನ್ನೇ ಕೇಳಿದವರು. ಈಗ ಕೇಳುತ್ತಾರೆ: "ಪ್ರೊಟೀನ್ ಆಂಡಾ?"

ಆಗಿರದಿದ್ದರೆ ಸುಳ್ಳು ಹೇಳಲು ಮನಸ್ಸು ಬರುವುದಿಲ್ಲ. ಎದ್ದು ಹೋಗಿ ಮಜ್ಜಿಗೆ ಕಡೆಯುತ್ತೇನೆ.

ನಿಮಗೋಸ್ಕರ ತಮ್ಮ ಪ್ರಶ್ನೆಯನ್ನೇ ಬದಲಿಸಿಕೊಂಡವರು ನಿಮ್ಮ ಮನೆಯಲ್ಲಿ ಎಷ್ಟು ಮಂದಿ ಇದ್ದಾರೆ, ಹೇಳಿ?